ಮೆಣಸಿನ ಗಿಡ ಬಾಡಿದರೆ ಬಕೆಟ್ ಎತ್ತುವ ಮೊದಲು

ಹಿತ್ತಿಲಲ್ಲಿ ಒಂದು ಮೆಣಸಿನ ಗಿಡ ಬಾಡಿ ನಿಂತರೆ ನಮ್ಮ ಮನೆಗಳಲ್ಲಿ ಬರುವ ಮೊದಲ ಮಾತು, "ಇವತ್ತು ನೀರು ಹಾಕ್ಲಿಲ್ವಾ?" ಅಂತ. ಹಾಕಿದ್ದೇವೆ ಅಂದರೆ, "ಹಾಗಾದ್ರೆ ಇನ್ನೊಂದು ಬಕೆಟ್ ಹಾಕು" ಅಂತ ಎರಡನೇ ಮಾತು. ಮರುದಿನ ಗಿಡ ಇನ್ನಷ್ಟು ಬಾಡುತ್ತದೆ, ಮತ್ತೊಂದು ಬಕೆಟ್ ಬೀಳುತ್ತದೆ. ನಾಲ್ಕನೇ ದಿನ ಕಿತ್ತು ನೋಡಿದರೆ ಬೇರು ಕಂದು ಬಣ್ಣಕ್ಕೆ ತಿರುಗಿ ಕೊಳೆತು ಹೋಗಿರುತ್ತದೆ. "ನೀರು ಜಾಸ್ತಿ ಆಯ್ತಾ?" ಅಂತ ಮೊದಲೇ ಕೇಳಿದವರು ಮನೆಯಲ್ಲಿ ಒಬ್ಬರೂ ಇರುವುದಿಲ್ಲ.

ಬೇರಿಗೆ ನೀರು ಬೇಕಾದ ಹಾಗೆ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವೆ ಸಣ್ಣ ಸಣ್ಣ ಜಾಗಗಳಿರುತ್ತವೆ. ಅದರಲ್ಲಿ ಸ್ವಲ್ಪ ನೀರು, ಸ್ವಲ್ಪ ಗಾಳಿ ಇದ್ದರೆ ಬೇರು ಚೆನ್ನಾಗಿ ಓಡುತ್ತದೆ. ದಿನಾ ಎರಡು ಹೊತ್ತು ನೀರು ಸುರಿದು ಆ ಜಾಗವೆಲ್ಲ ತುಂಬಿಸಿಬಿಟ್ಟರೆ ಬೇರು ಉಸಿರು ಕಟ್ಟಿ ಸಾಯುತ್ತದೆ, ಕೊಳೆಸುವ ಶಿಲೀಂಧ್ರಕ್ಕೆ ಅದೇ ಹಬ್ಬ. ಸತ್ತ ಬೇರು ನೀರು ಎಳೆಯಲಾರದು. ಆದ್ದರಿಂದ ನೀರು ಹೆಚ್ಚಾದ ಗಿಡವೂ ನೀರಿಲ್ಲದ ಗಿಡದ ಹಾಗೆಯೇ ಬಾಡುತ್ತದೆ. ಎರಡಕ್ಕೂ ಒಂದೇ ಮುಖ. ಎಷ್ಟೋ ಗಿಡಗಳು ನಮ್ಮ ಉದಾಸೀನದಿಂದಲ್ಲ, ಅಕ್ಕರೆಯಿಂದಲೇ ಸಾಯುವುದು ಹೀಗೆ.

ನಾವು ಕರಾವಳಿಯವರು. ವರ್ಷಕ್ಕೆ 4,000 ಮಿಲಿಮೀಟರ್ ಹತ್ತಿರ ಮಳೆ ಕಂಡವರಿಗೆ ನೀರನ್ನು ಅಳೆಯುವ ಅಭ್ಯಾಸ ಇಲ್ಲ. ಹಿಂದೆ ಬಾವಿಯಿಂದ ಸೇದಿ, ಕೊಡಪಾನ ಸೊಂಟಕ್ಕೆ ಇಟ್ಟುಕೊಂಡು ಬಸಳೆ ಚಪ್ಪರದವರೆಗೆ ನಡೆದ ಉಮ್ಮಂದಿರು ತಾವಾಗಿಯೇ ಅಳತೆಯಲ್ಲಿದ್ದರು. ಸೊಂಟ ನೋಯುವಾಗ ಯಾರೂ ಹೆಚ್ಚು ನೀರು ಹಾಕುವುದಿಲ್ಲ. ಪಂಪು ಬಂತು, ಉದ್ದದ ಪೈಪ್ ಬಂತು, ಅಳತೆ ಹೋಯಿತು. ಆದರೆ ನಮ್ಮ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಆಕಾಶದಿಂದ ಹೇಳಿಕೊಳ್ಳುವಂಥದ್ದು ಏನೂ ಬೀಳುವುದಿಲ್ಲ. 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟೆಯಲ್ಲಿ ನೀರು ಇಳಿದು ಮಂಗಳೂರಿನಲ್ಲಿ ಸರದಿ ಮೇಲೆ ನೀರು ಬಿಟ್ಟದ್ದು ನೆನಪಿರಬಹುದು. ಮಾರ್ಚ್ ತಿಂಗಳ ಹಿತ್ತಿಲಿನ ಮಟ್ಟಿಗೆ ನಾವೂ ಒಂದೇ, ಒಣನಾಡಿನವರೂ ಒಂದೇ.

ಹಾಗಾಗಿ ನೀರಿನ ಲೆಕ್ಕ ಕಲಿಯಲು ಒಣನಾಡಿನ ಒಂದು ಊರನ್ನು ನೋಡೋಣ ಅಂತ. ಚಾಮರಾಜನಗರ ಜಿಲ್ಲೆಯ ಹನೂರು ತಾಲೂಕಿನಲ್ಲಿ, ಲೊಕ್ಕನಹಳ್ಳಿ ಕಡೆಯ ರಸ್ತೆಯಲ್ಲಿ ಒಡೆಯರಪಾಳ್ಯ ಎಂಬ ಊರಿದೆ. ಹನೂರು ಕೊಳ್ಳೇಗಾಲದಿಂದ ಬೇರೆ ತಾಲೂಕಾಗಿ ಹೆಚ್ಚು ವರ್ಷ ಆಗಿಲ್ಲ, ಈಗಲೂ ಅನೇಕರು ಕೊಳ್ಳೇಗಾಲ ಅಂತಲೇ ಹೇಳುತ್ತಾರೆ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಮಲೆ ಮಹದೇಶ್ವರ ಬೆಟ್ಟದ ಕಾಡು. ವೀರಪ್ಪನ್ ಕಾಲದಲ್ಲಿ ಪತ್ರಿಕೆಗಳಲ್ಲಿ ಓದುತ್ತಿದ್ದೆವಲ್ಲ, ಅದೇ ಕಾಡಿನ ಸೆರಗು. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರ. ಕೆಂಪು ಮಣ್ಣು. ವರ್ಷದ ಮಳೆ ನಮ್ಮದರ ಐದನೇ ಒಂದು ಪಾಲಿನ ಆಸುಪಾಸು. ಅದೂ ಒಟ್ಟಿಗೆ ಬರುವುದಿಲ್ಲ: ಮೇ ತಿಂಗಳ ಸುತ್ತ ಒಂದಿಷ್ಟು, ಮತ್ತೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಒಂದಿಷ್ಟು. ನಡುವೆ ಜುಲೈಯಲ್ಲಿ ನಾವು ಇಲ್ಲಿ ಕೊಡೆ ಬಿಚ್ಚಿ ನಡೆಯುವಾಗ ಅಲ್ಲಿ ಬರೀ ಮೋಡ, ಗಾಳಿ.

ಈ ಊರಿನ ಪಕ್ಕದಲ್ಲೇ 1970ರ ದಶಕದಲ್ಲಿ ಟಿಬೆಟನ್ ನಿರಾಶ್ರಿತರಿಗೆ ಜಾಗ ಕೊಟ್ಟು ವಸತಿ ಮಾಡಿದರು. ಧೊಂಡೆನ್‌ಲಿಂಗ್ ಅಂತ ಅದರ ಹೆಸರು. ಬೈಲಕುಪ್ಪೆಯಷ್ಟು ಹೆಸರು ಮಾಡದಿದ್ದರೂ ಕರ್ನಾಟಕದ ಟಿಬೆಟನ್ ವಸತಿಗಳಲ್ಲಿ ಇದೂ ಒಂದು. ಹಿಮದ ನಾಡಿನಿಂದ ಬಂದವರು ಈ ಕೆಂಪು ಮಣ್ಣಿನಲ್ಲಿ ಮುಸುಕಿನ ಜೋಳ ಬೆಳೆದರು, ಮಳೆಯನ್ನೇ ನಂಬಿ. ಕಾಡಾನೆಯ ಕಾಟ ಬೇರೆ. ಹೊಲಕ್ಕೆ ಕಾಲುವೆ ಇಲ್ಲ, ಮಳೆ ಬಂದರೆ ಬೆಳೆ. ಇಂಥ ಕಡೆ ಮನೆ ಅಂಗಳದ ಮೂಲಂಗಿಗೆ ಹಾಕುವ ಪ್ರತಿ ಬಕೆಟ್ ನೀರೂ ಕುಡಿಯುವ ನೀರಿನ ಪಾಲಿನಿಂದಲೇ ಬರಬೇಕು. ಅವರ ತುಕ್ಪಾಕ್ಕೆ ಮೂಲಂಗಿ, ಸೊಪ್ಪು ಬೇಕು. ನಮ್ಮ ಸಿಗಡಿ ಸಾರಿಗೆ ಬಸಳೆ ಬೇಕು. ಲೆಕ್ಕ ಮಾತ್ರ ಎರಡೂ ಕಡೆ ಒಂದೇ.

ಆ ಲೆಕ್ಕ ಬಹಳ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಚದರ ಮೀಟರ್ ಎಂದರೆ ಒಂದು ಮುಸಲ್ಲಾ ಹಾಸುವ ಜಾಗಕ್ಕಿಂತ ಸ್ವಲ್ಪ ಹೆಚ್ಚು ಅಂತ ಇಟ್ಟುಕೊಳ್ಳಿ. ನಮ್ಮ ದಕ್ಷಿಣದ ಬೇಸಿಗೆಯಲ್ಲಿ ಎಲೆ ತುಂಬಿ ನಿಂತ ತರಕಾರಿ ಮಡಿಯಿಂದ ದಿನಕ್ಕೆ 4ರಿಂದ 6 ಮಿಲಿಮೀಟರ್ ನೀರು ಆವಿಯಾಗಿ ಹೋಗುತ್ತದೆ, ಮಣ್ಣಿನಿಂದ ಸ್ವಲ್ಪ, ಎಲೆಗಳಿಂದ ಹೆಚ್ಚು. ಅಂದರೆ ಒಂದು ಚದರ ಮೀಟರಿಗೆ ದಿನಕ್ಕೆ 4ರಿಂದ 6 ಲೀಟರ್. ಮೋಡ ಇದ್ದ ದಿನ, ಚಳಿಗಾಲದಲ್ಲಿ ಮೂರು ಲೀಟರ್ ಸಾಕು. ಗಿಡ ಸಣ್ಣದಿದ್ದರೆ ಅದರ ಅರ್ಧ. ಒಡೆಯರಪಾಳ್ಯದಂಥ ಕಡೆ ಒಣ ಗಾಳಿ ಬೀಸಿದರೆ ಈ ಲೆಕ್ಕ ಮೇಲಕ್ಕೆ ಹೋಗುತ್ತದೆ. ನಮ್ಮಲ್ಲಿ ಗಾಳಿಯಲ್ಲೇ ತೇವ ಇರುವುದರಿಂದ ನಮಗೆ ಎಷ್ಟು ಸೆಖೆ ಅನ್ನಿಸಿದರೂ ಗಿಡಕ್ಕೆ ಅಷ್ಟು ಬಾಯಾರಿಕೆ ಇರುವುದಿಲ್ಲ.

ಹತ್ತು ಅಡಿಗೆ ಹತ್ತು ಅಡಿ ಜಾಗ ಒಂಬತ್ತು ಚದರ ಮೀಟರಿಗೆ ಸ್ವಲ್ಪ ಹೆಚ್ಚು. ಕಡು ಬೇಸಿಗೆಯಲ್ಲಿ ಅದಕ್ಕೆ ದಿನಕ್ಕೆ 45ರಿಂದ 50 ಲೀಟರ್. ಇನ್ನು ನಿಮ್ಮ ಪೈಪನ್ನು ಅಳೆಯಿರಿ. 15 ಲೀಟರಿನ ಬಕೆಟ್ ತುಂಬಲು ಎಷ್ಟು ಹೊತ್ತು ಬೇಕು ಅಂತ ಮೊಬೈಲಿನಲ್ಲಿ ನೋಡಿಕೊಳ್ಳಿ. ಒಂದು ನಿಮಿಷಕ್ಕೆ ತುಂಬಿತು ಅಂತಾದರೆ ಹತ್ತು ನಿಮಿಷ ಪೈಪ್ ಹಿಡಿದು ಫೋನಿನಲ್ಲಿ ಮಾತಾಡುತ್ತಾ ನಿಂತವರು 150 ಲೀಟರ್ ಸುರಿದಿದ್ದಾರೆ, ಅಂದರೆ ಮೂರು ದಿನದ ನೀರು. ಅದನ್ನೇ ನಾಳೆಯೂ ಮಾಡುತ್ತಾರೆ. ಈ ಒಂದು ಅಳತೆ ಮಾಡಿದ ಮನೆಯಲ್ಲಿ ಪಂಪಿನ ಕರೆಂಟ್ ಬಿಲ್ಲೂ ಇಳಿದೀತು.

ಹಾಗಂತ ಈ 50 ಲೀಟರನ್ನು ದಿನಾ ಹಾಕಬೇಕು ಅಂತಲೂ ಅಲ್ಲ. ಇಲ್ಲೇ ಹೆಚ್ಚಿನವರು ಎಡವುವುದು. ಒಂದು ಚದರ ಮೀಟರಿಗೆ ಐದು ಲೀಟರ್ ಚಿಮುಕಿಸಿದರೆ ಒಣ ಮಣ್ಣಿನಲ್ಲಿ ಅದು ಎರಡು ಇಂಚಿಗಿಂತ ಕೆಳಗೆ ಹೋಗುವುದು ಕಷ್ಟ. ಮೇಲ್ಮಣ್ಣು ಕಪ್ಪಗೆ ಒದ್ದೆಯಾಗಿ ಕಾಣುತ್ತದೆ, ನಮಗೂ ಸಮಾಧಾನ. ಆದರೆ ನೀರು ಮೇಲೆಯೇ ಸಿಕ್ಕಿದರೆ ಬೇರೂ ಮೇಲೆಯೇ ಹರಡುತ್ತದೆ. ಒಂದು ದಿನ ಮದುವೆಗೆ ಹೋಗಿ ನೀರು ತಪ್ಪಿತೋ, ಗಿಡ ನೆಲಕ್ಕೆ ಬಿತ್ತು. ಅದರ ಬದಲು ಮೂರು-ನಾಲ್ಕು ದಿನಕ್ಕೊಮ್ಮೆ ಚದರ ಮೀಟರಿಗೆ 15ರಿಂದ 20 ಲೀಟರ್ ನಿಧಾನವಾಗಿ ಕೊಟ್ಟರೆ ಅದು ಐದಾರು ಇಂಚು ಇಳಿಯುತ್ತದೆ. ಮೇಲೆ ಒಣಗುತ್ತಾ ಬಂದಂತೆ ಬೇರು ನೀರನ್ನು ಹುಡುಕಿಕೊಂಡು ಕೆಳಗೆ ಹೋಗುತ್ತದೆ. ನೀರಿನ ಒಟ್ಟು ಮೊತ್ತ ಹೆಚ್ಚುಕಡಿಮೆ ಅದೇ, ಗಿಡ ಮಾತ್ರ ಬೇರೆ.

ನಿಧಾನವಾಗಿ ಅಂದೆ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ರಭಸದಿಂದ ಹೊಡೆದರೆ ಮಣ್ಣಿನ ಮುಖ ಹೆಪ್ಪುಗಟ್ಟುತ್ತದೆ, ನೀರು ಮಡಿಯಿಂದ ಹೊರಗೆ ಹರಿಯುತ್ತದೆ. ಕೆಂಪು ಮಣ್ಣಿನಲ್ಲಿ ಇದು ಜಾಸ್ತಿ. ಬುಡದ ಸುತ್ತ ಪಾತಿ ಮಾಡಿ, ಪೈಪನ್ನು ನೆಲದ ಮೇಲೆ ಮಲಗಿಸಿ ಸಣ್ಣಗೆ ಬಿಡಿ. ಹನಿ ನೀರಾವರಿ ಹಾಕಿಸಿದವರು ತಮ್ಮ ಡ್ರಿಪ್ಪರ್ ಗಂಟೆಗೆ ಎರಡು ಲೀಟರಿನದ್ದೋ ನಾಲ್ಕು ಲೀಟರಿನದ್ದೋ ಅಂತ ನೋಡಿಕೊಳ್ಳಬೇಕು. "ಡ್ರಿಪ್ ಇದೆ, ತೊಂದರೆ ಇಲ್ಲ" ಅಂತ ಇಡೀ ದಿನ ಬಿಟ್ಟವರ ತೋಟದಲ್ಲೂ ಬೇರು ಕೊಳೆಯುತ್ತದೆ ಮಾರಾಯ್ರೆ.

ಇಷ್ಟು ಲೆಕ್ಕ ಹೇಳಿದ ಮೇಲೂ ಕೊನೆಯ ಮಾತು ಮಣ್ಣಿನದ್ದೇ. ಬೆಳಿಗ್ಗೆ ಬುಡದಿಂದ ಒಂದು ಗೇಣು ದೂರದಲ್ಲಿ ತೋರುಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ಬೆರಳ ತುದಿಗೆ ತಂಪು, ಮಣ್ಣು ಅಂಟಿಕೊಂಡು ಬಂತು ಅಂತಾದರೆ ಇವತ್ತು ನೀರು ಬೇಡ. ಒಣಗಿ ಪುಡಿ ಪುಡಿ ಅಂತಾದರೆ ಹಾಕಿ. ಇನ್ನೂ ಆಳ ನೋಡಬೇಕೆಂದರೆ ಮುರಿದ ಕೊಡೆಯ ಕಬ್ಬಿಣದ ಕಡ್ಡಿ ಒಂದನ್ನು ಇಟ್ಟುಕೊಳ್ಳಿ, ನಮ್ಮಲ್ಲಿ ಅದಕ್ಕೇನು ಬರಗಾಲವಿಲ್ಲ. ನೀರು ಹಾಕಿ ಒಂದೆರಡು ಗಂಟೆ ಬಿಟ್ಟು ಚುಚ್ಚಿದರೆ ಒದ್ದೆ ಇರುವಷ್ಟು ದೂರ ಸಲೀಸಾಗಿ ಹೋಗಿ, ಒಣ ಮಣ್ಣು ಸಿಕ್ಕಿದಲ್ಲಿ ಗಕ್ಕನೆ ನಿಲ್ಲುತ್ತದೆ. ನೀವು ಹಾಕಿದ ನೀರು ಎಲ್ಲಿಯವರೆಗೆ ತಲುಪಿತು ಅಂತ ಅಲ್ಲೇ ಗೊತ್ತಾಯಿತು.

ಮಧ್ಯಾಹ್ನದ ಬಿಸಿಲಿಗೆ ಕುಂಬಳ, ಸೋರೆ, ಬದನೆಯ ಎಲೆ ಜೋತು ಬೀಳುವುದನ್ನು ನೋಡಿ ಗಾಬರಿಯಾಗಬೇಡಿ. ಎಲೆಯಿಂದ ಹೋಗುವ ನೀರಿನ ವೇಗಕ್ಕೆ ಬೇರು ತಲುಪಿಸಲಾಗದ ಹೊತ್ತು ಅದು, ಸಂಜೆಗೆ ತಾನಾಗಿ ಸರಿಹೋಗುತ್ತದೆ. ಸುಬಹಿ ನಮಾಝ್ ಮುಗಿಸಿ ಹಿತ್ತಿಲಿಗೆ ಇಳಿದಾಗಲೂ ಬಾಡಿಯೇ ಇದ್ದರೆ ಆಗ ಯೋಚಿಸಬೇಕು. ಆಗಲೂ ಬೆರಳು ಇಳಿಸಿ ನೋಡಿಯೇ ತೀರ್ಮಾನ: ಮಣ್ಣು ಒಣಗಿದ್ದರೆ ಬಾಯಾರಿಕೆ, ಒದ್ದೆ ಇದ್ದರೆ ಬೇರಿಗೆ ರೋಗ. ಬುಡದ ಎಲೆಗಳು ಹಳದಿಯಾಗಿ, ಮಣ್ಣಿನ ಮೇಲೆ ಹಸಿರು ಪಾಚಿ ಬಂದಿದ್ದರೆ ನೀರು ಹೆಚ್ಚಾಗಿದೆ ಅಂತಲೇ ತಿಳಿಯಿರಿ.

ಎಲ್ಲ ಗಿಡಕ್ಕೂ ಒಂದೇ ನ್ಯಾಯ ಇಲ್ಲ. ಹರಿವೆ, ಕೊತ್ತಂಬರಿ, ಪಾಲಕ್ ಬೇರು ಮೇಲೆಯೇ ಇರುತ್ತದೆ, ಅವಕ್ಕೆ ಸ್ವಲ್ಪ ಸ್ವಲ್ಪ, ಆಗಾಗ. ಬಸಳೆ ನೀರು ಹೆಚ್ಚಾದರೂ ತಾಳಿಕೊಳ್ಳುತ್ತದೆ. ಅದನ್ನು ನೋಡಿಯೇ ನಾವು ಉಳಿದ ಗಿಡಗಳನ್ನು ಹಾಳು ಮಾಡುವುದು. ಬೆಂಡೆ, ಅಲಸಂಡೆ ಬೇರು ಆಳಕ್ಕೆ ಹೋಗುತ್ತದೆ, ನಾಲ್ಕೈದು ದಿನ ಬಿಟ್ಟರೂ ನಡೆಯುತ್ತದೆ. ಅಲಸಂಡೆಗೆ ನೀರು ಜಾಸ್ತಿಯಾದರೆ ಬಳ್ಳಿ ಸೊಂಪಾಗಿ ಬೆಳೆದು ಕಾಯಿ ಕಡಿಮೆಯಾಗುತ್ತದೆ. ಮೆಣಸು, ಬದನೆ ನಿಂತ ನೀರನ್ನು ಸಹಿಸುವುದಿಲ್ಲ. ಟೊಮೆಟೊ ಮಾತ್ರ ಏರುಪೇರನ್ನು ಸಹಿಸದ ಗಿಡ. ವಾರಗಟ್ಟಲೆ ಒಣಗಿಸಿ ಒಮ್ಮೆಲೇ ತುಂಬ ನೀರು ಹಾಕಿದರೆ ಹಣ್ಣು ಸೀಳುತ್ತದೆ. ಕಾಯಿಯ ತುದಿ ಕಪ್ಪಾಗಿ ಕುಳಿ ಬೀಳುವುದನ್ನು ಹುಳದ ಕೆಲಸ ಅಂತ ಔಷಧಿ ಹೊಡೆಯುವವರಿದ್ದಾರೆ. ಹೆಚ್ಚಿನ ಸಲ ಅದು ನೀರಿನ ಏರುಪೇರಿನಿಂದ ಕಾಯಿಗೆ ಸುಣ್ಣದ ಅಂಶ ತಲುಪದೆ ಆಗುವಂಥದ್ದು. ಮೂಲಂಗಿಯೂ ಹಾಗೆಯೇ, ನೀರು ತಪ್ಪಿದರೆ ಖಾರವಾಗಿ ಬೆಂಡಾಗುತ್ತದೆ, ಮತ್ತೆ ಒಮ್ಮೆಲೇ ಸಿಕ್ಕಿದರೆ ಸೀಳುತ್ತದೆ. ಸಸಿ ಮಡಿಯಲ್ಲಂತೂ ಕೈ ಬಿಗಿಹಿಡಿಯಲೇಬೇಕು. ಮೊಳಕೆ ಬಂದ ಮೆಣಸಿನ ಸಸಿ ರಾತ್ರಿ ಕಳೆಯುವುದರೊಳಗೆ ಬುಡದಲ್ಲಿ ಸಣ್ಣಗಾಗಿ ಮಲಗಿದರೆ ಅದು ಹೆಚ್ಚು ತೇವದಿಂದ ಬರುವ ಬುಡಕೊಳೆ.

ನೀರು ಹಾಕಲು ಬೆಳಗಿನ ಹೊತ್ತೇ ಒಳ್ಳೆಯದು. ಎಲೆ ಒದ್ದೆಯಾದರೂ ಬಿಸಿಲಿಗೆ ಬೇಗ ಒಣಗುತ್ತದೆ. ಈಗ ಕೆಲವು ವರ್ಷಗಳಿಂದ ರಂಝಾನ್ ಕೂಡ ಬೇಸಿಗೆ ಹೊತ್ತಿಗೇ ಬರುತ್ತಿದೆ. ಉಪವಾಸ ಹಿಡಿದು ಬಿಸಿಲಲ್ಲಿ ಪೈಪ್ ಎಳೆಯುವುದು ಯಾರಿಗೆ ಬೇಕು? ಸುಬಹಿ ಆದ ಕೂಡಲೇ ಮುಗಿಸಿಬಿಟ್ಟರೆ ಆಯಿತು. ಆಗದಿದ್ದರೆ ಅಸರ್ ಆದ ಮೇಲೆ, ಎಲೆಗೆ ತಾಗಿಸದೆ ಬುಡಕ್ಕೆ ಮಾತ್ರ. ಇಫ್ತಾರಿನ ಕೆಲಸದ ನಡುವೆ ಮಗ್ರಿಬ್ ಹೊತ್ತಿಗೆ ಗಡಿಬಿಡಿಯಲ್ಲಿ ಎಲೆಯ ಮೇಲೆಲ್ಲ ಸುರಿದರೆ ಇಡೀ ರಾತ್ರಿ ಎಲೆ ಒದ್ದೆಯಾಗಿ ಕೂರುತ್ತದೆ, ಚುಕ್ಕೆ ರೋಗಕ್ಕೆ ದಾರಿ.

ನೀರು ಎಲ್ಲಿಂದ ತರುವುದು ಅನ್ನುವ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ಒಂದು ಉತ್ತರ ದಿನಕ್ಕೆ ಐದು ಸಲ ಚರಂಡಿಗೆ ಹೋಗುತ್ತಿದೆ. ವುಝೂ ನೀರು. ಪ್ರವಾದಿಯವರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು ಅಂತ ಮದ್ರಸದಲ್ಲಿ ಕಲಿತದ್ದು ಎಲ್ಲರಿಗೂ ನೆನಪಿದೆ. ಇವತ್ತಿನ ಅಳತೆಯಲ್ಲಿ ಅದು ಮುಕ್ಕಾಲು ಲೀಟರಿನ ಆಸುಪಾಸು. ನಲ್ಲಿ ತೆರೆದಿಟ್ಟು ವುಝೂ ಮಾಡುವ ನಾವು ಅದರ ಎಷ್ಟು ಪಟ್ಟು ಬಿಡುತ್ತೇವೆ ಅಂತ ಒಂದು ಸಲ ಕೆಳಗೆ ಬಕೆಟ್ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಮೂರೇ ಲೀಟರ್ ಅಂತ ಹಿಡಿಯಿರಿ. ಐದು ಜನರ ಮನೆಯಲ್ಲಿ ಐದು ಹೊತ್ತಿಗೆ 75 ಲೀಟರ್. ಮೇಲೆ ಹೇಳಿದ ಹತ್ತಕ್ಕೆ ಹತ್ತು ಅಡಿಯ ತೋಟಕ್ಕೆ ಕಡು ಬೇಸಿಗೆಯಲ್ಲಿ ಬೇಕಾದದ್ದಕ್ಕಿಂತಲೂ ಹೆಚ್ಚು! ಅದರಲ್ಲಿ ಸೋಪಿಲ್ಲ, ಎಣ್ಣೆಯಿಲ್ಲ. ಮತ್ತೆ ವುಝೂಗೆ ಆಗದಿದ್ದರೂ ನೀರು ಶುದ್ಧವೇ. ಕೈಕಾಲು ತೊಳೆಯುವ ಜಾಗದಿಂದ ಬಸಳೆಯ ಬುಡಕ್ಕೆ ಎರಡು ಮೀಟರ್ ಪೈಪ್ ಜೋಡಿಸಲು ಪ್ಲಂಬರ್ ಕೂಡ ಬೇಕಾಗಿಲ್ಲ. ಮಸೀದಿಗಳಲ್ಲಿ ಈ ನೀರನ್ನು ತೆಂಗಿಗೋ ಇಂಗುಗುಂಡಿಗೋ ಬಿಟ್ಟರೆ ಎಷ್ಟು ಒಳ್ಳೆಯದು ಅಂತ ಜಮಾಅತ್‌ನವರು ಯೋಚಿಸಬಹುದು.

ಅಕ್ಕಿ ತೊಳೆದ ನೀರು, ಮೀನು ತೊಳೆದ ನೀರು ಹಾಕುವ ಪದ್ಧತಿ ನಮ್ಮಲ್ಲಿ ಮೊದಲಿನಿಂದ ಇದೆ, ಒಳ್ಳೆಯದೇ. ಮೀನಿಗೆ ಉಪ್ಪು ಹಚ್ಚಿ ತೊಳೆದದ್ದಾದರೆ ಮಾತ್ರ ಬೇಡ. ವಾಷಿಂಗ್ ಮೆಷಿನ್ ನೀರಿನಲ್ಲಿ ಸೋಡಿಯಂ ಇರುತ್ತದೆ. ತಿಂಗಳುಗಟ್ಟಲೆ ಹಾಕಿದರೆ ಮಣ್ಣು ಗಟ್ಟಿಯಾಗಿ ನೀರೇ ಇಳಿಯುವುದಿಲ್ಲ. ಅದನ್ನು ಸೊಪ್ಪು, ಮೂಲಂಗಿಯ ಹತ್ತಿರ ತರಬೇಡಿ. ನದಿಬಾಯಿ, ಕಡಲ ಹತ್ತಿರ ಇರುವವರು ಏಪ್ರಿಲ್-ಮೇಯಲ್ಲಿ ಬಾವಿ ನೀರನ್ನು ನಾಲಿಗೆಗೆ ಹಚ್ಚಿ ನೋಡಬೇಕು. ಉಪ್ಪಾಗಿದ್ದರೆ ಬೀನ್ಸ್ ಮೊದಲು ಸೋಲುತ್ತದೆ, ಪಾಲಕ್, ಬೀಟ್‌ರೂಟ್ ಸ್ವಲ್ಪ ತಡೆದುಕೊಳ್ಳುತ್ತವೆ. ಅಂಥ ಬಾವಿಯಿಂದ ಹೆಚ್ಚು ಎಳೆದಷ್ಟೂ ಉಪ್ಪು ಒಳಗೆ ಬರುತ್ತದೆ. ಹಾಗಾಗಿ ಅವರಿಗೆ ಅಳತೆ ಎಂಬುದು ನೆರೆಮನೆಯ ಕುಡಿಯುವ ನೀರಿನ ಪ್ರಶ್ನೆಯೂ ಹೌದು.

ಹಾಕಿದ ನೀರನ್ನು ಉಳಿಸಿಕೊಳ್ಳುವುದು ಅರ್ಧ ಕೆಲಸ. ಬುಡಕ್ಕೆ ಎರಡು-ಮೂರು ಇಂಚು ತರಗೆಲೆ, ತೆಂಗಿನ ನಾರಿನ ಪುಡಿ, ಅಡಿಕೆ ಸಿಪ್ಪೆ ಏನಾದರೂ ಹೊದೆಸಿ, ಕಾಂಡಕ್ಕೆ ತಾಗದ ಹಾಗೆ. ಗೊಬ್ಬರ ತಿಂದ ಮಣ್ಣು ನೀರನ್ನು ಹೆಚ್ಚು ಹೊತ್ತು ಹಿಡಿಯುತ್ತದೆ. ಒಡೆಯರಪಾಳ್ಯದಂಥ ಮಳೆಯಾಶ್ರಿತ ಊರುಗಳಲ್ಲಿ ಸಾವಯವ ಗೊಬ್ಬರಕ್ಕೆ ಬೆಲೆ ಇರುವುದು ಬರೀ ಸಾರಕ್ಕಲ್ಲ, ಈ ತೇವಕ್ಕೂ ಹೌದು.

ಆ ಟಿಬೆಟನ್ ಕುಟುಂಬಗಳಲ್ಲಿ ಹಲವರು ಚಳಿಗಾಲ ಬಂತೆಂದರೆ ಸ್ವೆಟರ್ ವ್ಯಾಪಾರಕ್ಕೆ ಬೇರೆ ಬೇರೆ ಊರಿಗೆ ಹೋಗುತ್ತಾರೆ. ಮನೆಯಲ್ಲಿ ವಯಸ್ಸಾದವರು, ಮಕ್ಕಳು ಉಳಿಯುತ್ತಾರೆ. ದುಡಿಯುವವರು ಗಲ್ಫಿನಲ್ಲಿ, ಮನೆ ನೋಡಿಕೊಳ್ಳುವವರು ಉಮ್ಮ ಒಬ್ಬರೇ ಎನ್ನುವ ಸ್ಥಿತಿ ನಮಗೇನು ಹೊಸದಲ್ಲ. ಬಗ್ಗಲಾಗದ ಮೊಣಕಾಲಿನವರಿಗೆ, ನಾಲ್ಕು ದಿನ ತವರಿಗೆ ಹೋಗಿ ಬರುವವರಿಗೆ ಒಂದು ಹಳೆಯ ಉಪಾಯ ಇದೆ: ಮಡಕೆ. ಚೀನಾದ 2,000 ವರ್ಷ ಹಳೆಯ ಕೃಷಿ ಗ್ರಂಥದಲ್ಲೇ ಇದರ ವಿವರಣೆ ಇದೆ. ಹೊಳಪು ಬಳಿಯದ, ಬಣ್ಣ ಹಾಕದ, ಐದಾರು ಲೀಟರ್ ಹಿಡಿಯುವ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂಳಿ, ನೀರು ತುಂಬಿ, ಸೊಳ್ಳೆ ಹೋಗದಂತೆ ಬಾಯಿಗೆ ತಟ್ಟೆ ಮುಚ್ಚಿ. ಸುತ್ತ ಒಂದು ಅಡಿಯೊಳಗೆ ಮುಳ್ಳುಸೌತೆ, ಹೀರೆ, ಪಡುವಲ ಹಾಕಿ. ಸುತ್ತಲಿನ ಮಣ್ಣು ಒಣಗಿದರೆ ಮಡಕೆ ಹೆಚ್ಚು ಜಿನುಗುತ್ತದೆ, ಒದ್ದೆ ಇದ್ದರೆ ಕಡಿಮೆ. ಮೂರು-ನಾಲ್ಕು ದಿನಕ್ಕೊಮ್ಮೆ ತುಂಬಿಸಿದರೆ ಸಾಕು. ಬೋರ್ ನೀರಿನ ಸುಣ್ಣದಿಂದ ವರ್ಷ ಕಳೆದ ಮೇಲೆ ರಂಧ್ರ ಕಟ್ಟಿಕೊಂಡರೆ ತೆಗೆದು ಉಜ್ಜಿ ತೊಳೆಯಬೇಕು.

ಫ್ಲಾಟಿನವರು, ಟೆರೇಸಿನಲ್ಲಿ ಗ್ರೋ ಬ್ಯಾಗ್ ಇಟ್ಟವರು ಈ ಮೂರು-ನಾಲ್ಕು ದಿನದ ಲೆಕ್ಕ ಹಿಡಿಯಬಾರದು. ಅಡಿ ಅಗಲದ ಚೀಲದಲ್ಲಿ ಮಣ್ಣೇ ಕಡಿಮೆ, ಕೆಳಗೆ ಕಾದ ಕಾಂಕ್ರೀಟು. ತುಂಬಿದ ಗಿಡವಿದ್ದರೆ ಬೇಸಿಗೆಯಲ್ಲಿ ದಿನಕ್ಕೆ ಒಂದರಿಂದ ಎರಡು ಲೀಟರ್ ಬೇಕೇ ಬೇಕು. ಚೀಲವನ್ನು ಒಂದು ಬದಿಯಿಂದ ಎತ್ತಿ ನೋಡಿ ತೂಕದಿಂದಲೇ ತಿಳಿಯುವುದು ನಾಲ್ಕು ದಿನದಲ್ಲಿ ಕೈಗೆ ಬರುತ್ತದೆ. ಕೆಳಗಿನ ತೂತಿನಿಂದ ಹನಿ ಬಿದ್ದ ಕೂಡಲೇ ನಿಲ್ಲಿಸಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ, ಬೇರಿಗೂ ಕೆಟ್ಟದು, ಡೆಂಗಿ ಸೊಳ್ಳೆಗೂ ಅದೇ ತೊಟ್ಟಿಲು.

ಮೇ ತಿಂಗಳಲ್ಲಿ ಒಂದೆರಡು ಅಡ್ಡಮಳೆ ಬಿದ್ದಾಗ ಪೈಪ್ ಸುತ್ತಿಡುವವರಿದ್ದಾರೆ. ಅಂಗಳದಲ್ಲಿ ನೇರ ಗೋಡೆಯ ಒಂದು ಡಬ್ಬ ಇಟ್ಟು ಸ್ಕೇಲಿನಲ್ಲಿ ಅಳೆದುಬಿಡಿ: 5 ಮಿಲಿಮೀಟರ್ ಬಂದಿದ್ದರೆ ಅದು ಒಂದು ದಿನದ ನೀರು ಮಾತ್ರ, 20 ಬಂದಿದ್ದರೆ ನಾಲ್ಕು ದಿನ ರಜೆ. ಜೂನ್ ಬಂದ ಮೇಲೆ ಕೆಲಸ ಪೂರ್ತಿ ತಿರುಗುಮುರುಗು. ಬೇಸಿಗೆಗೆ ಮಾಡಿದ ಪಾತಿಯನ್ನು ಒಡೆದು, ಮಣ್ಣು ಬುಡಕ್ಕೆ ಏರಿಸಿ, ನೀರು ಹರಿದುಹೋಗಲು ಚರಂಡಿ ಬಿಡಿಸಬೇಕು. ಮೆಣಸು ಮತ್ತು ಬದನೆಯ ಮಡಿಯನ್ನು ಮೊದಲು ಮುಗಿಸಿ, ಬಸಳೆ ಎರಡು ದಿನ ಕಾದೀತು.